ಲಿವರ್ ರೋಗಿಯ ಅಪೌಷ್ಟಿಕತೆಯನ್ನು ಗುರುತಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಆಹಾರತಜ್ಞೆಯಾಗಿರುವ ನನ್ನ ಬಳಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಬರುವ ಲಿವರ್ ರೋಗಿಗಳು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ತಾಲ್ಲೂಕು ಆಸ್ಪತ್ರೆಗಳ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಕೇಳುವುದೂ ಬಹುಪಾಲು ಇವನ್ನೇ. ಉತ್ತರಗಳನ್ನು ಒಂದೆಡೆ ಬರೆದಿಟ್ಟರೆ ಅನುಕೂಲವಾದೀತೆಂದು ಇಲ್ಲಿ ಕೊಟ್ಟಿದ್ದೇನೆ. ಔಷಧಿಯನ್ನು ಬದಲಿಸುವ, ನಿಲ್ಲಿಸುವ ವಿಚಾರಗಳನ್ನು ನಿಮ್ಮ ವೈದ್ಯರ ಬಳಿಯೇ ಕೇಳಬೇಕು.

ಲಿವರ್ ಕಾಯಿಲೆಗೂ ಅಪೌಷ್ಟಿಕತೆಗೂ ಏನು ಸಂಬಂಧ? ಊಟ ಸರಿಯಾಗಿ ಮಾಡಿದರೆ ಸಾಲದೇ?

ಊಟ ಕಡಿಮೆಯಾಗುವುದು ಒಂದು ಕಾರಣ ಮಾತ್ರ. ಉಂಡದ್ದನ್ನು ಸಂಗ್ರಹಿಸಿಟ್ಟು ಬೇಕಾದಾಗ ಕೊಡುವ ಕೆಲಸ ಲಿವರಿನದು. ಹಗಲು ತಿಂದ ಅನ್ನದ ಸಕ್ಕರೆಯನ್ನು ಅದು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್ ಆಗಿ ಗಟ್ಟಿಯಾದ ಲಿವರಿನಲ್ಲಿ ಈ ಕಣಜ ಚಿಕ್ಕದಾಗಿರುತ್ತದೆ. ನಡುರಾತ್ರಿಯ ಹೊತ್ತಿಗೇ ಬರಿದಾಗುತ್ತದೆ. ಆಗ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಶಕ್ತಿ ಮಾಡಿಕೊಳ್ಳಲು ತೊಡಗುತ್ತದೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ದೇಹದಲ್ಲಿ ಏನಾಗುತ್ತದೋ ಅದು ಸಿರೋಸಿಸ್ ರೋಗಿಗೆ ಒಂದೇ ರಾತ್ರಿಯಲ್ಲಿ ಆಗುತ್ತದೆ.

ಇದರ ಜೊತೆಗೆ ಹೊಟ್ಟೆಯಲ್ಲಿ ನೀರು ತುಂಬಿ ಜಠರವನ್ನು ಒತ್ತುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದಿದ್ದರೆ ಎಣ್ಣೆ ತುಪ್ಪದ ಅಂಶ ಮೈಗೆ ಹತ್ತುವುದಿಲ್ಲ. ಬಾಯಿರುಚಿ ಕೆಡುತ್ತದೆ. ಉಪ್ಪಿಲ್ಲದ ಊಟ ಸೇರುವುದಿಲ್ಲ. ಯುರೋಪಿನ ಲಿವರ್ ತಜ್ಞರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಹೊಟ್ಟೆಯಲ್ಲಿ ನೀರು, ಕಾಮಾಲೆ ಮುಂತಾದ ತೊಡಕುಗಳಿಲ್ಲದ ಸಿರೋಸಿಸ್ ರೋಗಿಗಳಲ್ಲಿ ಸುಮಾರು 20 ಶೇಕಡಾ ಮಂದಿಗೆ, ತೊಡಕುಗಳು ಕಾಣಿಸಿಕೊಂಡವರಲ್ಲಿ 50 ಶೇಕಡಾಕ್ಕೂ ಹೆಚ್ಚು ಮಂದಿಗೆ ಅಪೌಷ್ಟಿಕತೆ ಇರುತ್ತದೆ. ಸೋಂಕು ತಗಲುವುದು, ಮತ್ತೆ ಮತ್ತೆ ಆಸ್ಪತ್ರೆ ಸೇರುವುದು, ಗುಣವಾಗಲು ತಡವಾಗುವುದು ಇವೆಲ್ಲ ಇದರೊಂದಿಗೇ ಹೆಚ್ಚುತ್ತವೆ.

ನಮ್ಮ ತಂದೆಯವರ ತೂಕ ಆರು ತಿಂಗಳಿಂದ ಒಂದು ಕೆ.ಜಿ.ಯೂ ಇಳಿದಿಲ್ಲ. ಅವರು ಸೊರಗಿದ್ದಾರೆ ಎಂದು ಹೇಗೆ ಹೇಳುತ್ತೀರಿ?

ಈ ಬರಹದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒಮ್ಮೆ ಬಂದಿದ್ದರು. ಚೀಟಿಗಳಲ್ಲಿ ಪ್ರತಿ ತಿಂಗಳೂ 64 ಕೆ.ಜಿ. ಎಂದೇ ಬರೆದಿತ್ತು. ತೂಕ ನಿಂತಿದೆ, ಹಾಗಾಗಿ ಚಿಂತೆಯಿಲ್ಲ ಎಂದು ಮನೆಯವರು ನಂಬಿದ್ದರು. ಅಂಗಿ ಕಳಚಿದಾಗ ಕಂಡದ್ದೇ ಬೇರೆ: ಹೊಟ್ಟೆ ಬಿಗಿದ ಮೃದಂಗದಂತಿತ್ತು, ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು, ಆದರೆ ಭುಜದ ಗುಂಡು ಕರಗಿ ಮೂಳೆಯ ಮೂಲೆ ಎದ್ದು ಕಾಣುತ್ತಿತ್ತು, ಕಣತಲೆ ಒಳಕ್ಕೆ ಹೋಗಿತ್ತು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸದ ಜಾಗದಲ್ಲಿ ಗುಳಿ ಬಿದ್ದಿತ್ತು. ಕೈಗಡಿಯಾರ ಮೊಣಕೈ ಕಡೆಗೆ ಜಾರುತ್ತದೆಂದು ಅದನ್ನು ಕಟ್ಟುವುದನ್ನೇ ಬಿಟ್ಟಿದ್ದೇನೆ ಎಂದು ಅವರೇ ಹೇಳಿದರು. ತಿಂಗಳು ತಿಂಗಳೂ ಮಾಂಸ ಕರಗಿದಷ್ಟೂ ನೀರು ಸೇರಿತ್ತು. ತಕ್ಕಡಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಲೀಟರ್ ನೀರು ಸುಮಾರು ಒಂದು ಕೆ.ಜಿ. ತೂಗುತ್ತದೆ, ಒಂದು ಕೆ.ಜಿ. ಸ್ನಾಯುವೂ ಅಷ್ಟೇ ತೂಗುತ್ತದೆ.

ಆದ್ದರಿಂದ ಲಿವರ್ ರೋಗಿಯಲ್ಲಿ ಹೊಟ್ಟೆಯನ್ನೂ ತಕ್ಕಡಿಯನ್ನೂ ನಂಬದೆ ತೋಳು, ಭುಜ, ತೊಡೆ, ಕಣತಲೆಗಳನ್ನು ನೋಡಬೇಕು. ನೋಡಲು ಅಂಗಿ ಕಳಚಿಸಬೇಕು. ಮಳೆಗಾಲದಲ್ಲಿ ಸ್ವೆಟರ್, ಶಾಲು, ಮೇಲೊಂದು ಕೋಟು ಹೊದ್ದು ಬರುವ ನಮ್ಮ ಊರುಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಹಾಗಿದ್ದರೆ ತೂಕ ನೋಡುವುದೇ ಬೇಡವೇ?

ನೋಡಬೇಕು, ಆದರೆ ನೀರಿನ ಭಾರವನ್ನು ಕಳೆದು ನೋಡಬೇಕು. ಹೀಗೆ ಕಳೆದ ಮೇಲೆ ಉಳಿಯುವುದನ್ನು ಒಣತೂಕ ಎನ್ನುತ್ತಾರೆ. ರೂಢಿಯ ಲೆಕ್ಕ ಹೀಗಿದೆ: ಹೊಟ್ಟೆಯಲ್ಲಿ ನೀರು ಸ್ವಲ್ಪವಿದ್ದರೆ ತೂಕದ 5 ಶೇಕಡಾ, ಮಧ್ಯಮವಾಗಿದ್ದರೆ 10, ತುಂಬ ಇದ್ದರೆ 15 ಶೇಕಡಾ ಕಳೆಯಬೇಕು, ಎರಡೂ ಕಾಲು ಊದಿದ್ದರೆ ಇನ್ನೂ 5 ಶೇಕಡಾ ಕಳೆಯಬೇಕು. ಮೇಲೆ ಹೇಳಿದ ಬೆಳೆಗಾರರ ಎತ್ತರ 168 ಸೆಂ.ಮೀ. ತಕ್ಕಡಿಯ 64 ಕೆ.ಜಿ.ಯಿಂದ ಲೆಕ್ಕ ಹಾಕಿದರೆ ಅವರ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಸುವ ಅಂಕಿ) 22.7, ಅಂದರೆ ಎಲ್ಲವೂ ಸರಿ ಇದೆ ಎನ್ನುವ ಅಂಕಿ. ಹೊಟ್ಟೆಯ ನೀರಿಗೆ 15, ಕಾಲಿನ ಊತಕ್ಕೆ 5, ಒಟ್ಟು 20 ಶೇಕಡಾ ಕಳೆದರೆ ಉಳಿಯುವುದು 51.2 ಕೆ.ಜಿ., ಬಿ.ಎಂ.ಐ. 18.1. ಮಾರ್ಗಸೂಚಿಯ ಪ್ರಕಾರ 18.5ಕ್ಕಿಂತ ಕೆಳಗಿರುವವರಲ್ಲಿ ಅಪೌಷ್ಟಿಕತೆಯ ಸಾಧ್ಯತೆ ಬಹಳ ಹೆಚ್ಚು, ಅವರಿಗೆ ವಿವರವಾದ ತಪಾಸಣೆ ಆಗಲೇಬೇಕು. ಒಂದೇ ಮನುಷ್ಯ, ಒಂದೇ ದಿನ, ಆದರೆ ಎರಡು ಲೆಕ್ಕದಲ್ಲಿ ಎರಡು ಸ್ಥಿತಿ.

ಈ ಶೇಕಡಾವಾರು ಅಂದಾಜೇ ಹೊರತು ನಿಖರವಲ್ಲ. ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆಸಿದ ದಿನ, ತೆಗೆದ ನಂತರದ ತೂಕ ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಆ ದಿನದ ತೂಕವನ್ನು ಮರೆಯದೆ ಬರೆಸಿಕೊಳ್ಳಿ.

ರಕ್ತಪರೀಕ್ಷೆಯಲ್ಲಿ ಅಲ್ಬುಮಿನ್ ಕಡಿಮೆ ಬಂದಿದೆ. ಪೌಷ್ಟಿಕತೆ ಕಡಿಮೆ ಎಂದೇ ಅರ್ಥವಲ್ಲವೇ?

ಅಲ್ಲ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ತಯಾರಾಗುವುದೇ ಲಿವರಿನಲ್ಲಿ. ಲಿವರ್ ಕೆಟ್ಟಾಗ, ಸೋಂಕು ಬಂದಾಗ, ಮೈಯಲ್ಲಿ ನೀರು ಹೆಚ್ಚಿದಾಗ, ಚೆನ್ನಾಗಿ ಉಣ್ಣುವವರಲ್ಲೂ ಅದು ಇಳಿಯುತ್ತದೆ. ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಅಲ್ಬುಮಿನ್ ಏರಿಸಿದ ಮೇಲೆ ಅಂಕಿ ಏರಿದರೆ ಪೋಷಣೆ ಸುಧಾರಿಸಿದೆ ಎಂದೂ ಅರ್ಥವಲ್ಲ. ಅದು ಲಿವರಿನ ಕೆಲಸದ ಅಳತೆ, ತಟ್ಟೆಯ ಅಳತೆಯಲ್ಲ.

ಮೊದಲ ಭೇಟಿಯಲ್ಲೇ ಯಾರಿಗೆ ಅಪಾಯ ಹೆಚ್ಚು ಎಂದು ತಿಳಿಯಲು ಸುಲಭದ ವಿಧಾನವಿದೆಯೇ?

ಇದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಲಿವರ್ ರೋಗಿಗಳಿಗೆಂದೇ ರೂಪಿಸಿದ ಒಂದು ಪ್ರಶ್ನಾವಳಿಯನ್ನು ನಾನು ಬಳಸುತ್ತೇನೆ. ಅದಕ್ಕೆ ಮೂರ‍್ನಾಲ್ಕು ನಿಮಿಷ ಸಾಕು. ಕುಡಿತದಿಂದ ಲಿವರಿಗೆ ತೀವ್ರ ಉರಿಯೂತ ಬಂದಿದೆಯೇ ಅಥವಾ ಕೊಳವೆಯ ಮೂಲಕ ಆಹಾರ ಹೋಗುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಹೌದಾದರೆ ಬೇರೇನೂ ಕೇಳದೆ ಹೆಚ್ಚಿನ ಅಪಾಯದ ಗುಂಪು. ಇಲ್ಲವಾದರೆ ಮೈಯಲ್ಲಿ ನೀರು ಸೇರಿ ಊಟಕ್ಕೆ ಅಡ್ಡಿಯಾಗಿದೆಯೇ, ತೂಕ ತಾನಾಗಿ ಇಳಿದಿದೆಯೇ, ಬಿ.ಎಂ.ಐ. ಎಷ್ಟು, ಊಟ ಕಡಿಮೆಯಾಗಿದೆಯೇ ಎಂಬುದನ್ನು ನೋಡಿ ಅಂಕ ಕೊಡುತ್ತಾರೆ. ಸೊನ್ನೆ ಬಂದರೆ ಅಪಾಯ ಕಡಿಮೆ, ಒಂದು ಬಂದರೆ ಮಧ್ಯಮ, ಎರಡು ಅಥವಾ ಮೇಲಾದರೆ ಹೆಚ್ಚು. ಸಾಮಾನ್ಯ ರೋಗಿಗಳಿಗೆಂದು ಮಾಡಿದ ಪ್ರಶ್ನಾವಳಿಗಳು ನೀರಿನ ವಿಚಾರವನ್ನೇ ಕೇಳುವುದಿಲ್ಲವಾದ್ದರಿಂದ ಲಿವರ್ ರೋಗಿಗಳಲ್ಲಿ ಅವು ದಾರಿ ತಪ್ಪಿಸುತ್ತವೆ.

ಹೆಚ್ಚಿನ ಅಪಾಯ ಎಂದು ಬಂದವರಿಗೆ ಮುಂದಿನ ಅಳತೆಗಳು ಆಗಬೇಕು. ಕಾಯಿಲೆ ತೀರ ಮುಂದುವರಿದವರಿಗೆ, ಅಂದರೆ ಚೈಲ್ಡ್-ಪ್ಯೂ ವರ್ಗೀಕರಣದ ಸಿ ಗುಂಪಿನವರಿಗೆ, ಪ್ರಶ್ನಾವಳಿಯ ಅಂಕ ಏನೇ ಬಂದರೂ ನೇರವಾಗಿ ವಿವರವಾದ ತಪಾಸಣೆ ಮಾಡಬೇಕು. ಈ ವರ್ಗೀಕರಣದ ಚರಿತ್ರೆಯಲ್ಲಿ ನನ್ನನ್ನು ಕಾಡುವ ಒಂದು ಸಂಗತಿಯಿದೆ. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಎಂಬ ಶಸ್ತ್ರವೈದ್ಯರು ಮೊದಲು ಇದನ್ನು ಮಾಡಿದಾಗ ನೋಡಬೇಕಾದ ಐದು ಅಂಶಗಳಲ್ಲಿ ರೋಗಿಯ ಪೋಷಣೆಯ ಸ್ಥಿತಿಯೂ ಒಂದಾಗಿತ್ತು. 1973ರಲ್ಲಿ ಪ್ಯೂ ಮತ್ತು ಅವರ ಸಹೋದ್ಯೋಗಿಗಳು ಅದನ್ನು ತೆಗೆದು ರಕ್ತ ಹೆಪ್ಪುಗಟ್ಟುವ ಸಮಯವನ್ನು ಸೇರಿಸಿದರು. ಲ್ಯಾಬಿನಿಂದ ಖಚಿತವಾದ ಅಂಕಿ ಸಿಗುತ್ತದೆ, ಅದು ನಿಜ. ಆದರೆ ಅಂದಿನಿಂದ ವಾರ್ಡಿನ ಕಾಗದದಲ್ಲಿ ರೋಗಿಯ ಊಟಕ್ಕೂ ಮಾಂಸಖಂಡಕ್ಕೂ ಒಂದು ಖಾನೆಯೇ ಇಲ್ಲದಂತಾಯಿತು. ಖಾನೆ ಇಲ್ಲದ್ದನ್ನು ಯಾರೂ ತುಂಬುವುದಿಲ್ಲ.

ತೋಳಿನ ಸುತ್ತಳತೆಯನ್ನು ಮನೆಯಲ್ಲಿ ತೆಗೆಯಬಹುದೇ? ಹೇಗೆ?

ಖಂಡಿತ ತೆಗೆಯಬಹುದು. ಟೈಲರ್ ಟೇಪು ಸಾಕು, ಆದರೆ ಹಳೆಯದಾಗಿ ಎಳೆದು ಹಿಗ್ಗಿದ್ದು ಬೇಡ. ರೋಗಿ ಹೆಚ್ಚು ಬಳಸದ ಕೈಯನ್ನು, ಸಾಮಾನ್ಯವಾಗಿ ಎಡಗೈಯನ್ನು, ಮೊಣಕೈ ಮಡಿಸಿ ಹಿಡಿಯಲಿ. ಭುಜದ ತುದಿಯ ಮೂಳೆಯಿಂದ ಮೊಣಕೈ ಮೂಳೆಯವರೆಗೆ ಅಳೆದು ನಟ್ಟನಡುವೆ ಪೆನ್ನಿನಿಂದ ಗುರುತು ಮಾಡಿ. ನಂತರ ಕೈಯನ್ನು ಸಡಿಲವಾಗಿ ಇಳಿಬಿಡಲಿ. ಗುರುತಿನ ಮೇಲೆ ಟೇಪನ್ನು ಸುತ್ತಿ. ಚರ್ಮಕ್ಕೆ ತಾಗಿರಬೇಕು, ಒತ್ತಿರಬಾರದು. ಎರಡು ಬಾರಿ ತೆಗೆದು ತಾರೀಖಿನ ಜೊತೆ ಬರೆದಿಡಿ. ಹೊಟ್ಟೆ, ಕಾಲುಗಳಿಗೆ ಹೋಲಿಸಿದರೆ ತೋಳಿಗೆ ನೀರು ಇಳಿಯುವುದು ಕಡಿಮೆಯಾದ್ದರಿಂದ ಈ ಅಳತೆ ನೀರು ತುಂಬಿದವರಲ್ಲೂ ಉಪಯೋಗಕ್ಕೆ ಬರುತ್ತದೆ. ಮೀನಖಂಡದ ಸುತ್ತಳತೆ ಇತರ ವೃದ್ಧರಲ್ಲಿ ಒಳ್ಳೆಯ ಸೂಚಕವಾದರೂ ಕಾಲು ಊದಿದ ಲಿವರ್ ರೋಗಿಗಳಲ್ಲಿ ಪ್ರಯೋಜನವಿಲ್ಲ.

ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇವೆ. ತೋಳಿನ ಹಿಂಭಾಗದ ಚರ್ಮದ ಮಡಿಕೆಯನ್ನು ಕ್ಯಾಲಿಪರ್ ಎಂಬ ಚಿಮುಟದಂಥ ಸಾಧನದಿಂದ ಹಿಡಿದು ಅಳೆದರೆ ಕೊಬ್ಬಿನ ದಪ್ಪ ಗೊತ್ತಾಗುತ್ತದೆ. ಆ ಅಳತೆಯನ್ನು 3.14ರಿಂದ ಗುಣಿಸಿ ತೋಳಿನ ಸುತ್ತಳತೆಯಿಂದ ಕಳೆದರೆ ಸ್ನಾಯುವಿನ ಸುತ್ತಳತೆ ಸಿಗುತ್ತದೆ. ತೋಳು 23 ಸೆಂ.ಮೀ., ಮಡಿಕೆ 0.8 ಸೆಂ.ಮೀ. ಇದ್ದರೆ ಸ್ನಾಯು ಸುಮಾರು 20.5 ಸೆಂ.ಮೀ. ಮನೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. ತಿಂಗಳಿಗೊಮ್ಮೆ, ಒಬ್ಬರೇ, ಅದೇ ಕೈಯಲ್ಲಿ ಅಳೆದ ಬರಿಯ ಸುತ್ತಳತೆ ಇಳಿಯುತ್ತಾ ಹೋಗುತ್ತಿದೆಯೇ ಎಂಬುದು ತಿಳಿದರೆ ದೊಡ್ಡ ಸಹಾಯ.

ಕೈ ಹಿಡಿತದ ಪರೀಕ್ಷೆ ಏಕೆ? ಕೈಗೂ ಲಿವರಿಗೂ ಏನು ನಂಟು?

ಸ್ನಾಯುವಿನ ಗಾತ್ರ ಕರಗುವುದು ಕಣ್ಣಿಗೆ ಕಾಣುವ ಮೊದಲೇ ಅದರ ಬಲ ಇಳಿದಿರಬಹುದು. ಡೈನಮೋಮೀಟರ್ ಎಂಬ ಹಿಡಿಕೆಯನ್ನು ಕೈಯಲ್ಲಿ ಕೊಟ್ಟು ಶಕ್ತಿ ಮೀರಿ ಒತ್ತಲು ಹೇಳಿ, ಕೆಲವು ಬಾರಿ ಮಾಡಿಸಿ, ಹೆಚ್ಚು ಬಂದದ್ದನ್ನು ಬರೆದುಕೊಳ್ಳುತ್ತೇವೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿದ ಮಿತಿಯಂತೆ ಗಂಡಸರಲ್ಲಿ 28 ಕೆ.ಜಿ.ಗಿಂತ, ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆಯಾದರೆ ಬಲ ಕುಂದಿದೆ ಎಂದು ಅರ್ಥ. ಜೊತೆಗೆ ಕೈಯೂರದೆ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹೇಳುತ್ತೇವೆ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಗಮನ ಕೊಡಬೇಕು. ಹಿಡಿತ, ಎದ್ದು ಕೂರುವುದು, ಸಮತೋಲನ ಈ ಮೂರನ್ನೂ ಸೇರಿಸಿ ಅಂಕ ಕೊಡುವ ಲಿವರ್ ಫ್ರೇಲ್ಟಿ ಇಂಡೆಕ್ಸ್ ಎಂಬ ಲೆಕ್ಕವೂ ಬಳಕೆಯಲ್ಲಿದೆ.

ಡೈನಮೋಮೀಟರ್ ಇಲ್ಲದ ಕಡೆ ಮನೆಯವರನ್ನು ಕೇಳಿದರೆ ಸಾಕಷ್ಟು ತಿಳಿಯುತ್ತದೆ. ನಮ್ಮ ಕಡೆ ನಾನು ಕೇಳುವ ಪ್ರಶ್ನೆಗಳು ಇವು: ಕಳೆದ ವರ್ಷ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರೇ, ಈ ವರ್ಷ ಎಷ್ಟು ಹೊತ್ತು ಕೂರುತ್ತಾರೆ? ಬಾವಿಯಿಂದ ಕೊಡ ಎಳೆಯುತ್ತಾರೆಯೇ? ತೋಟದ ದರೆಯನ್ನು ಒಂದೇ ಉಸಿರಿಗೆ ಹತ್ತುತ್ತಾರೆಯೇ, ನಡುವೆ ನಿಲ್ಲುತ್ತಾರೆಯೇ? ಮೇಲೆ ಹೇಳಿದ ಬೆಳೆಗಾರರ ಹೆಂಡತಿ, "ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಈಗ ನಾನೇ ತೆಗೆದುಕೊಡ್ತೀನಿ ಮೇಡಂ, ಮೊದಲು ನಾನು ಅವರ ಹತ್ರ ತೆಗೆಸ್ತಿದ್ದೆ" ಎಂದರು. ಹಿಡಿತ ನೋಡಿದಾಗ 19 ಕೆ.ಜಿ. ಬಂತು. ಅಳತೆ ಹೇಳಬೇಕಾದದ್ದನ್ನು ಆ ತಾಯಿ ಅಳತೆಗೆ ಮುಂಚೆಯೇ ಹೇಳಿಯಾಗಿತ್ತು.

ಊಟದ ಬಗ್ಗೆ ಏನೇನು ಕೇಳುತ್ತೀರಿ? "ಚೆನ್ನಾಗಿ ಉಣ್ತಾರೆ" ಎಂದರೆ ಸಾಲದೇ?

ಸಾಲದು. ಚೆನ್ನಾಗಿ ಎಂಬ ಮಾತಿಗೆ ಮನೆಮನೆಗೂ ಬೇರೆ ಅರ್ಥ. ಹಾಗಾಗಿ ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ, ಹೊತ್ತನ್ನೂ ಪ್ರಮಾಣವನ್ನೂ ಸೇರಿಸಿ, ಒಂದೊಂದಾಗಿ ಕೇಳುತ್ತೇನೆ. ಸೌಟು, ಲೋಟ, ಬಟ್ಟಲುಗಳನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಎಷ್ಟು ಎಂದು ಅವರೇ ತೋರಿಸುತ್ತಾರೆ. ನಿನ್ನೆ ಹಬ್ಬವೋ ತಿಥಿಯೋ ಆಗಿದ್ದರೆ ಮೊನ್ನೆಯದನ್ನು ಕೇಳುತ್ತೇನೆ.

ಈ ಭಾಗದಲ್ಲಿ ಹೆಚ್ಚಾಗಿ ಕೇಳಿಬರುವ ದಿನ ಹೀಗಿರುತ್ತದೆ: ಬೆಳಗ್ಗೆ ಎರಡು ಅಕ್ಕಿರೊಟ್ಟಿ ಅಥವಾ ನಾಲ್ಕು ಕಡುಬು ಚಟ್ನಿಯೊಂದಿಗೆ, ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ತಂಬುಳಿ, ಸಂಜೆ ಕಾಫಿ, ರಾತ್ರಿ ಎಂಟಕ್ಕೆ ಗಂಜಿ ಉಪ್ಪಿನಕಾಯಿ. ಹೊಟ್ಟೆ ತುಂಬುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೋಟೀನ್ ಲೆಕ್ಕ ಹಾಕಿದರೆ 30 ಗ್ರಾಂ ದಾಟುವುದು ಕಷ್ಟ. ಸಿರೋಸಿಸ್ ರೋಗಿಗೆ ಒಣತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಕನಿಷ್ಠ 35 ಕಿಲೊಕ್ಯಾಲೊರಿ ಶಕ್ತಿ ಬೇಕು. 51 ಕೆ.ಜಿ. ಒಣತೂಕದವರಿಗೆ ಅದು 61ರಿಂದ 77 ಗ್ರಾಂ ಪ್ರೋಟೀನ್, ಸುಮಾರು 1,800 ಕಿಲೊಕ್ಯಾಲೊರಿ. ಅಂದರೆ ಬೇಕಾದುದರ ಅರ್ಧವೂ ತಟ್ಟೆಯಲ್ಲಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂಗಿಂತ ಸ್ವಲ್ಪ ಹೆಚ್ಚು, ಒಂದು ದೊಡ್ಡ ಲೋಟ ಹಾಲಿನಲ್ಲಿ 6 ಗ್ರಾಂ, 100 ಗ್ರಾಂ ಬೇಳೆ ಅಥವಾ ಹುರುಳಿಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ತಿಳಿಸಾರಿನ ಬದಲು ಗಟ್ಟಿಬೇಳೆಯ ಹುಳಿ, ಹುರುಳಿಕಟ್ಟಿನ ಬದಲು ಕಾಳನ್ನೇ ಉಳಿಸಿಕೊಂಡ ಸಾರು ಎಂಬ ಸಣ್ಣ ಬದಲಾವಣೆಯೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮೀನು ತಿನ್ನುವವರು ಮೀನನ್ನು ಧಾರಾಳವಾಗಿ ತಿನ್ನಬಹುದು, ಚೆನ್ನಾಗಿ ಬೆಂದಿರಬೇಕು. ಒಣಮೀನು ಮಾತ್ರ ಉಪ್ಪಿನ ಕಾರಣಕ್ಕೆ ಬೇಡ.

ಉಪ್ಪಿನ ವಿಚಾರವನ್ನೂ ಊಟದ ವಿಚಾರಣೆಯಲ್ಲೇ ನೋಡಬೇಕು. ನೀರು ತುಂಬಿದವರಿಗೆ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪಿನ ಮಿತಿ ಹೇಳಿರುತ್ತಾರೆ. ಮಲೆನಾಡಿನ ಮಳೆಗಾಲದ ಅಡುಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅಪ್ಪೆಮಿಡಿ, ಹಪ್ಪಳ, ಸಂಡಿಗೆಗಳದ್ದೇ ಪಾಲು ಹೆಚ್ಚು, ಆ ಮಿತಿ ಇವುಗಳಲ್ಲೇ ಮುಗಿದುಹೋಗುತ್ತದೆ. ಇದು ಒಂದು ತಪ್ಪಾದರೆ, ಉಪ್ಪನ್ನು ಪೂರ್ತಿ ಬಿಡಿಸಿ ರೋಗಿ ತಟ್ಟೆಯನ್ನೇ ದೂರ ತಳ್ಳುವಂತೆ ಮಾಡುವುದು ಇನ್ನೊಂದು ತಪ್ಪು. ಎರಡನೆಯದು ಹೆಚ್ಚು ಹಾನಿಕರ ಎಂಬುದು ನನ್ನ ಅನುಭವ. ನಿಂಬೆಹುಳಿ, ಶುಂಠಿ, ಜೀರಿಗೆ, ಕೊತ್ತಂಬರಿ, ಕಾಳುಮೆಣಸುಗಳಿಂದ ರುಚಿ ಕೊಟ್ಟು ಇದ್ದಷ್ಟು ಉಪ್ಪಿನಲ್ಲಿ ತಟ್ಟೆ ಖಾಲಿಯಾಗುವಂತೆ ನೋಡಿಕೊಳ್ಳಬೇಕು.

ಕುಡಿತವನ್ನೂ ನಾಚಿಕೆಪಡಿಸದೆ ಕೇಳಬೇಕು. ಮದ್ಯದಲ್ಲಿರುವ ಆಲ್ಕೋಹಾಲಿನ ಪ್ರತಿ ಗ್ರಾಂಗೆ 7 ಕಿಲೊಕ್ಯಾಲೊರಿ ಇರುವುದರಿಂದ ಹಸಿವು ಸಾಯುತ್ತದೆ, ಮೈಗೆ ಏನೂ ಸೇರುವುದಿಲ್ಲ. ದಿನಕ್ಕೆ ಎಷ್ಟು ಬಾರಿ ಬಹಿರ್ದೆಸೆ, ವಾಂತಿ ಇದೆಯೇ, ಹಲ್ಲು ನೋವೇ, ಎಲೆಅಡಿಕೆ ಹಾಕಿ ಬಾಯಿ ಉರಿಯೇ ಎಂಬುದೂ ಪಟ್ಟಿಯಲ್ಲಿರಬೇಕು.

ಕಾಮಾಲೆಗೆ ನಾಟಿ ಔಷಧಿ ಮಾಡಿಸಿ ಪಥ್ಯದಲ್ಲಿದ್ದೇವೆ. ಅದನ್ನು ನಿಮಗೆ ಹೇಳಬೇಕೇ?

ದಯವಿಟ್ಟು ಹೇಳಿ. ಬೈಯುವುದಿಲ್ಲ. ಕಣ್ಣು ಹಳದಿಯಾದ ಕೂಡಲೇ ಔಷಧಿ ಕೊಡುವವರ ಮನೆಗೆ ಹೋಗಿ ಬರುವುದು ನಮ್ಮಲ್ಲಿ ಅಜ್ಜ ಅಜ್ಜಿಯರ ಕಾಲದಿಂದ ಬಂದ ರೂಢಿ, ಅದರ ಹಿಂದಿನ ನಂಬಿಕೆಯನ್ನು ನಾನು ಬಲ್ಲೆ. ನನಗೆ ಆತಂಕವಾಗುವುದು ಪಥ್ಯದ ಬಗ್ಗೆ. ಎಣ್ಣೆಯಿಲ್ಲ, ಉಪ್ಪಿಲ್ಲ, ಕಾಯಿಯಿಲ್ಲ, ಬೇಳೆಯಿಲ್ಲ, ಬರಿಯ ಗಂಜಿ ಎಂದು ವಾರಗಟ್ಟಲೆ ಇದ್ದವರನ್ನು ಕಂಡಿದ್ದೇನೆ. ತಾನಾಗಿ ಇಳಿಯುವ ಕಾಮಾಲೆಯಲ್ಲಿ ಯುವಕನೊಬ್ಬ ಇದನ್ನು ತಾಳಿಕೊಂಡಾನು. ಸಿರೋಸಿಸ್ ಇರುವವರಲ್ಲಿ ಕಣಜವೇ ಬರಿದಾಗಿರುವಾಗ ಮೂರು ವಾರದ ಗಂಜಿಪಥ್ಯ ಎಂದರೆ ಮೂರು ವಾರ ಸ್ನಾಯುವನ್ನೇ ಉಂಡಂತೆ. ಕುಡಿದ ಔಷಧಿಯಿಂದಲೇ ಲಿವರಿಗೆ ಹಾನಿಯಾಗುವ ಸಾಧ್ಯತೆಯೂ ಇರುವುದರಿಂದ ಏನು ಕುಡಿದಿರಿ, ಎಷ್ಟು ದಿನ ಎಂಬುದನ್ನು ವೈದ್ಯರಿಗೂ ತಿಳಿಸಬೇಕು. ವ್ರತ, ಏಕಾದಶಿ, ಸೋಮವಾರದ ಒಪ್ಪತ್ತುಗಳನ್ನೂ ಇದೇ ರೀತಿ ಕೇಳಿ ಬರೆದುಕೊಳ್ಳುತ್ತೇನೆ. ದೀರ್ಘ ಉಪವಾಸ ಈ ಕಾಯಿಲೆಯಲ್ಲಿ ಸಲ್ಲದು.

ಪ್ರೋಟೀನ್ ಹೆಚ್ಚಾದರೆ ತಲೆಗೆ ಏರಿ ಮಂಕು ಬಡಿಯುತ್ತದೆ ಎಂದು ಕೇಳಿದ್ದೇವೆ. ಬೇಳೆ, ಮೊಟ್ಟೆ ಬಿಟ್ಟಿದ್ದೇವೆ. ಸರಿಯೇ?

ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರು, ಹಾಗಾಗಿ ನಿಮ್ಮ ತಪ್ಪಲ್ಲ. ಲಿವರ್ ಕೆಟ್ಟಾಗ ರಕ್ತದಲ್ಲಿ ಅಮೋನಿಯಾ ಹೆಚ್ಚಿ ಮಂಕು, ತೊದಲು, ಹಗಲುನಿದ್ದೆ ಬರುವುದು ನಿಜ. ಆದರೆ ಲಿವರ್ ಮಾಡಲಾರದ ಕೆಲಸವನ್ನು ಸ್ನಾಯುಗಳು ಸ್ವಲ್ಪಮಟ್ಟಿಗೆ ಹೊತ್ತುಕೊಂಡು ಅಮೋನಿಯಾವನ್ನು ತೆಗೆಯುತ್ತವೆ. ಪ್ರೋಟೀನ್ ಬಿಡಿಸಿದರೆ ಸ್ನಾಯು ಕರಗಿ ಮಂಕು ಮತ್ತಷ್ಟು ಬೇಗ ಮರಳುತ್ತದೆ. 2004ರಲ್ಲಿ ಸ್ಪೇನಿನ ವೈದ್ಯರು ಮಂಕು ಬಡಿದ ರೋಗಿಗಳನ್ನೇ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಪ್ರೋಟೀನ್ ತಗ್ಗಿಸುವುದರಿಂದ ಯಾವ ಲಾಭವೂ ಕಂಡಿರಲಿಲ್ಲ. ಇಂದಿನ ಮಾರ್ಗಸೂಚಿಗಳು ಪ್ರೋಟೀನ್ ನಿಲ್ಲಿಸಬೇಡಿ ಎಂದೇ ಹೇಳುತ್ತವೆ. ಮಾಂಸ ಒಗ್ಗದವರಿಗೆ ಹಾಲು, ಮೊಸರು, ಬೇಳೆಕಾಳುಗಳ ಪ್ರೋಟೀನ್ ಚೆನ್ನಾಗಿ ಒಗ್ಗುತ್ತದೆ.

ಯಾರಾದರೂ ಪ್ರೋಟೀನ್ ಬಿಡಿಸಿದ್ದಾರೆಯೇ ಎಂಬುದು ನನ್ನ ತಪಾಸಣೆಯ ಖಾಯಂ ಪ್ರಶ್ನೆ.

ರಾತ್ರಿ ಮಲಗುವ ಮುನ್ನ ತಿನ್ನಲು ಏಕೆ ಹೇಳುತ್ತೀರಿ?

ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದರೆ ನಡುವೆ 12 ಗಂಟೆಯ ಉಪವಾಸ. ಮೊದಲ ಉತ್ತರದಲ್ಲಿ ಹೇಳಿದಂತೆ ಸ್ನಾಯು ಕರಗುವುದು ಈ ಹೊತ್ತಿನಲ್ಲೇ. ಆದ್ದರಿಂದ ಕೊನೆಯ ತುತ್ತಿಗೂ ಮಾರನೆಯ ದಿನದ ಮೊದಲ ತುತ್ತಿಗೂ ನಡುವೆ ಎಷ್ಟು ಗಂಟೆ ಎಂದು ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಳ್ಳಬೇಕು. ಮಲಗುವಾಗ ಮೊಸರವಲಕ್ಕಿ, ಹಾಲು ಬೆರೆಸಿದ ರಾಗಿ ಅಂಬಲಿ, ಬಾಳೆಹಣ್ಣಿನ ಜೊತೆ ಹಾಲು ಹೀಗೆ ಏನನ್ನಾದರೂ, ಸುಮಾರು 50 ಗ್ರಾಂ ಶರ್ಕರಪಿಷ್ಟ ಸೇರುವಂತೆ, ತಿನ್ನಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಪದಾರ್ಥ ಬದಲಾಗುತ್ತದೆ, ನಿಯಮ ಬದಲಾಗುವುದಿಲ್ಲ.

ದಪ್ಪಗಿರುವವರಿಗೂ ಅಪೌಷ್ಟಿಕತೆ ಬರುತ್ತದೆಯೇ?

ಬರುತ್ತದೆ. ಲಿವರಿನಲ್ಲಿ ಕೊಬ್ಬು ಸೇರಿ ಸಿರೋಸಿಸ್‌ಗೆ ತಿರುಗಿದವರಲ್ಲಿ ಕೊಬ್ಬಿನ ಅಡಿಯಲ್ಲಿ ಸ್ನಾಯು ಕರಗಿರುವುದು ಹೊರಗೆ ಕಾಣುವುದಿಲ್ಲ. ಇವರಲ್ಲಿ ಬಿ.ಎಂ.ಐ. ಏನನ್ನೂ ಹೇಳುವುದಿಲ್ಲ; ಹಿಡಿತ ಮತ್ತು ಎದ್ದು ಕೂರುವ ಪರೀಕ್ಷೆಗಳೇ ಮಾತನಾಡುತ್ತವೆ. ತೂಕ ಇಳಿಸಬೇಕಾದರೂ ಪ್ರೋಟೀನ್ ಉಳಿಸಿಕೊಂಡು, ವ್ಯಾಯಾಮದೊಂದಿಗೆ, ನಿಧಾನವಾಗಿ ಇಳಿಸಬೇಕು.

ಸ್ಕ್ಯಾನ್ ಮಾಡಿಸಿದರೆ ನಿಖರವಾಗಿ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದೆ. ಸೊಂಟದ ಮೂರನೆಯ ಕಶೇರುಮಣಿಯ ಮಟ್ಟದಲ್ಲಿ ಸಿ.ಟಿ. ಚಿತ್ರ ತೆಗೆದು ಸ್ನಾಯುವಿನ ವಿಸ್ತೀರ್ಣವನ್ನು ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಆದರೆ ಇದಕ್ಕೆಂದೇ ಮತ್ತೆ ಮತ್ತೆ ಸಿ.ಟಿ. ಮಾಡಿಸುವುದು ಸರಿಯಲ್ಲ, ವಿಕಿರಣವೂ ಖರ್ಚೂ ಹೆಚ್ಚು. ಬೇರೆ ಕಾರಣಕ್ಕೆ ಈಗಾಗಲೇ ಮಾಡಿಸಿದ್ದರೆ ಅದೇ ಚಿತ್ರದಿಂದ ಅಳೆಯಲು ಕೇಳಬಹುದು. ಜಿಮ್ಮುಗಳಲ್ಲಿ ಮೇಲೆ ನಿಂತರೆ ಕೊಬ್ಬು, ಸ್ನಾಯು ಎಂದು ಅಂಕಿ ಕೊಡುವ ಯಂತ್ರಗಳನ್ನು ನೀರು ತುಂಬಿದವರಲ್ಲಿ ನಂಬಬೇಡಿ.

ವಿಟಮಿನ್ ಕೊರತೆಯನ್ನೂ ನೋಡುತ್ತೀರಾ?

ಹೌದು. ಕತ್ತಲಾದ ಮೇಲೆ ಅಂಗಳದಲ್ಲಿ ಎಡವುತ್ತಾರೆಯೇ ಎಂದು ಕೇಳಿದರೆ ಇರುಳುಗಣ್ಣಿನ, ಅಂದರೆ ಎ ವಿಟಮಿನ್ ಕೊರತೆಯ ಸುಳಿವು ಸಿಗುತ್ತದೆ. ಬಾಯಿರುಚಿ ಕೆಟ್ಟಿದ್ದರೆ ಸತುವಿನ ಕೊರತೆ ಇರಬಹುದು. ಡಿ ವಿಟಮಿನ್ ಮಟ್ಟವನ್ನು ರಕ್ತದಲ್ಲಿ ನೋಡಿಸಬೇಕು. ಕುಡಿತದ ಹಿನ್ನೆಲೆ ಇರುವವರಿಗೆ ಬಿ1 ವಿಟಮಿನ್ ತುರ್ತಾಗಿ ಬೇಕಾಗುತ್ತದೆ. ತೀರಾ ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಉಣ್ಣಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಅಪಾಯವಾಗಬಹುದು, ಅದಕ್ಕೇ ಅಂಥವರ ಊಟವನ್ನು ಆಸ್ಪತ್ರೆಯಲ್ಲಿ ಹಂತಹಂತವಾಗಿ ಏರಿಸುತ್ತೇವೆ.

ಆಸ್ಪತ್ರೆಗೆ ದಾಖಲಾದಾಗ ನಾವು ಏನನ್ನು ಗಮನಿಸಬೇಕು?

ಎಷ್ಟು ಹೊತ್ತು ಬರಿಹೊಟ್ಟೆಯಲ್ಲಿ ಇಟ್ಟಿದ್ದಾರೆ ಎಂಬುದನ್ನು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಎಂಡೋಸ್ಕೋಪಿಗೆಂದು ರಾತ್ರಿಯಿಂದ ಉಪವಾಸವಿಟ್ಟ ರೋಗಿಯ ಸರದಿ ಮಾರನೆಯ ದಿನ ಮಧ್ಯಾಹ್ನದವರೆಗೂ ಬರಲಿಲ್ಲ. ಯಂತ್ರ ಕೆಟ್ಟಿದೆ, ನಾಳೆ ಮಾಡೋಣ ಎಂದರು. ಮರುದಿನ ಮತ್ತೆ ಅದೇ ಉಪವಾಸ. ಎರಡು ದಿನದಲ್ಲಿ ಅವರ ಹೊಟ್ಟೆಗೆ ಬಿದ್ದದ್ದು ಒಂದು ಹೊತ್ತಿನ ಇಡ್ಲಿ. ಆ ವಾರ್ಡಿನಲ್ಲಿ ನಾನೂ ಇದ್ದೆ, ಸಮಯಕ್ಕೆ ಕೇಳಲಿಲ್ಲ ಎಂಬ ನೋವು ಇನ್ನೂ ಇದೆ. ಪರೀಕ್ಷೆ ಮುಂದೂಡಿದರೆ ತಕ್ಷಣ ಊಟ ಕೊಡಬಹುದೇ ಎಂದು ನರ್ಸ್‌ರನ್ನು ಕೇಳಿ, ಸಂಕೋಚ ಬೇಡ. ದಾಖಲಾದ ಮೊದಲ ದಿನವೇ ತೂಕ, ತೋಳಿನ ಅಳತೆ ಆಗಲಿ, ದಿನವೂ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಮನೆಯವರು ಬರೆದಿಡಲಿ. ಬಾಯಿಯಿಂದ ಸಾಕಷ್ಟು ಹೋಗದಿದ್ದರೆ ಮೂಗಿನ ಕೊಳವೆ ಹಾಕಬೇಕಾಗಬಹುದು. ಅನ್ನನಾಳದಲ್ಲಿ ಊದಿದ ರಕ್ತನಾಳಗಳಿವೆ ಎಂಬ ಒಂದೇ ಕಾರಣಕ್ಕೆ ಅದನ್ನು ಬೇಡ ಎನ್ನಬೇಕಾಗಿಲ್ಲ, ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಲಿವರ್ ಕಸಿಗೆ ಹೆಸರು ನೋಂದಾಯಿಸಿದ್ದೇವೆ. ಈಗಲೂ ಈ ಅಳತೆಗಳು ಬೇಕೇ?

ಈಗಲೇ ಹೆಚ್ಚು ಬೇಕು. ರಾಜ್ಯದಲ್ಲಿ ದಾನವಾಗಿ ಬಂದ ಅಂಗಗಳ ಹಂಚಿಕೆ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ನಡೆಯುತ್ತದೆ. ಕಾಯಿಲೆಯ ತೀವ್ರತೆಯನ್ನು ಹೇಳುವ ಮೆಲ್ಡ್ ಅಂಕ ರಕ್ತಪರೀಕ್ಷೆಗಳಿಂದ ಬರುತ್ತದೆಯೇ ಹೊರತು ಅದರಲ್ಲಿ ಸ್ನಾಯುವಿನ ಬಲಕ್ಕೆ ಜಾಗವಿಲ್ಲ. ಕಾಯುವ ತಿಂಗಳುಗಳಲ್ಲಿ ಸ್ನಾಯು ಕರಗಿದರೆ ಶಸ್ತ್ರಚಿಕಿತ್ಸೆಯ ನಂತರ ಏಳುವುದು ಕಷ್ಟ.

ಎಷ್ಟು ದಿನಕ್ಕೊಮ್ಮೆ ಮತ್ತೆ ನೋಡಬೇಕು?

ಮಾರ್ಗಸೂಚಿ ಹೇಳುವುದು, ಹೊರರೋಗಿಗಳಿಗೆ ಸ್ಥಿತಿಗೆ ತಕ್ಕಂತೆ ಒಂದರಿಂದ ಆರು ತಿಂಗಳಿಗೊಮ್ಮೆ. ತೊಡಕುಗಳಿಲ್ಲದವರಿಗೆ ಕನಿಷ್ಠ ವರ್ಷಕ್ಕೊಮ್ಮೆಯಾದರೂ ಆಗಬೇಕು. ಸೋಂಕು, ರಕ್ತವಾಂತಿ, ಆಸ್ಪತ್ರೆ ವಾಸ ಆದ ಮೇಲೆ ಕಾಯದೆ ನೋಡಬೇಕು. ಆಗುಂಬೆ, ಹುಲಿಕಲ್ ಕಡೆಯವರು ಜುಲೈ, ಆಗಸ್ಟಿನ ಮಳೆಯಲ್ಲಿ ಶಿವಮೊಗ್ಗದವರೆಗೆ ಬರುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಅಂಥವರು ತೋಳಿನ ಅಳತೆಯನ್ನು ಮನೆಯಲ್ಲೇ ತೆಗೆದು, ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಫೋನಿನಲ್ಲಿ ತಿಳಿಸಿದರೂ ಆದೀತು.

ತಪಾಸಣೆಗೆ ಬರುವಾಗ ಏನೇನು ತರಬೇಕು?

ಹಳೆಯ ಚೀಟಿಗಳನ್ನೆಲ್ಲ ತನ್ನಿ, ತೂಕ ಬರೆದ ಚಿಕ್ಕ ಚೀಟಿಯನ್ನೂ ಬಿಡಬೇಡಿ. ಮಾತ್ರೆಗಳನ್ನು, ಕಷಾಯವಿದ್ದರೆ ಅದರ ಬಾಟಲಿಯನ್ನು ತನ್ನಿ. ಮೂರು ದಿನ ತಿಂದದ್ದನ್ನು ಹೊತ್ತಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಮನೆಯಲ್ಲಿ ಬಡಿಸುವವರು ಯಾರೋ ಅವರನ್ನೇ ಜೊತೆಗೆ ಕರೆತನ್ನಿ. ಮೊದಲ ಬಸ್ಸಿಗೆ ಹೊರಡುವವರು ಬರಿಹೊಟ್ಟೆಯಲ್ಲಿ ಬರಬೇಡಿ. ಬರಿಹೊಟ್ಟೆಯ ರಕ್ತಪರೀಕ್ಷೆ ಇದೆ ಎಂದು ವೈದ್ಯರು ಹೇಳಿರದಿದ್ದರೆ ತಿಂಡಿ ತಿಂದು, ದಾರಿಗೆ ಎರಡು ಬಾಳೆಹಣ್ಣು ಇಟ್ಟುಕೊಂಡು ಹೊರಡಿ.